ಗುಂಡುತೋಪಿಗೆ ಒಂದೂವರೆ ಲಕ್ಷ ಎತ್ತಬೇಕು, ಎಲ್ಲಿಂದ ಶುರು ಮಾಡೋದು?

ತೋಪಿನಹುಡುಗಿ

ಬಿಎಸ್ಸಿ ಎರಡನೇ ವರ್ಷ, ಕಾಲೇಜಿನ ಎನ್‌ಎಸ್‌ಎಸ್ ಘಟಕದ ವಿದ್ಯಾರ್ಥಿ ನಾಯಕಿ. ಯುವ ನಾಯಕತ್ವ ತರಬೇತಿಯೊಂದು ಈಗಷ್ಟೇ ಮುಗಿದಿದೆ. ಅದರ ಕೊನೇ ಭಾಗವಾಗಿ ಊರಲ್ಲಿ ಒಂದು ಸಂರಕ್ಷಣಾ ಕೆಲಸ ಹಿಡಿದು, ಹಣವನ್ನೂ ನಾವೇ ಹೊಂದಿಸಿ ಮಾಡಿ ತೋರಿಸಬೇಕು.

ಊರು ಶಿರಾ ಕಡೆ. ಊರಾಚೆ 2 ಎಕರೆ 10 ಗುಂಟೆ ಗುಂಡುತೋಪಿದೆ. ಹುಣಸೆ, ಹೊಂಗೆ, ಎರಡು ಇಪ್ಪೆ ಸೇರಿ 22 ಹಳೇ ಮರ ಉಳಿದಿವೆ, ಮಿಕ್ಕಿದ್ದು ಬಯಲು. ಜೂನ್ 5ಕ್ಕೆ 1000 ಸಸಿ ನೆಡೋ ಯೋಚನೆ. ಒಂದೂವರೆ ಲಕ್ಷ ದೇಣಿಗೆ ಬೇಕು ಅಂತ ಅಂದಾಜು. ಅಮೆರಿಕದಲ್ಲಿರೋ ಚಿಕ್ಕಪ್ಪ ಅರ್ಧ ಕೊಡ್ತೀನಿ ಅಂದಿದ್ದಾರೆ.

ನನ್ನ ಯುಪಿಐಗೇ ಹಣ ತರಿಸಬಹುದಾ, ಇಲ್ಲ ಟ್ರಸ್ಟ್ ಮಾಡಬೇಕಾ? 1000 ಸಸಿಗೆ ಈ ಹಣ ಸಾಕಾ? ತರಬೇತಿಯಲ್ಲಿ ಹೇಳಿಕೊಟ್ಟ ಗುರಿ ನಿಗದಿ, ತಂಡ ಕಟ್ಟುವಿಕೆ ಎಲ್ಲ ಈ ಕೆಲಸಕ್ಕೆ ಹೇಗೆ ಒಗ್ಗುತ್ತೆ?

ಕೆಂಪುಮಣ್ಣು

ಮೊದಲು ಆ 1000 ಬಿಟ್ಟುಬಿಡಿ. 2 ಎಕರೆ 10 ಗುಂಟೆ ಅಂದರೆ 90 ಗುಂಟೆ, ಸುಮಾರು 9,100 ಚದರ ಮೀಟರ್. ತೋಪಿನ ಮರಗಳಿಗೆ 6 ಮೀಟರ್‌ಗೊಂದರಂತೆ ಜಾಗ ಬಿಟ್ಟರೆ ಬರಿ ನೆಲದಲ್ಲೇ 250 ಗುಂಡಿ ಹಿಡಿಯುತ್ತೆ. ಇರುವ 22 ಮರದ ನೆರಳಿಗೆ ಒಂದೊಂದಕ್ಕೆ 150 ಚದರ ಮೀಟರ್ ಕಳೆದರೆ ಉಳಿಯೋದು 5,800. ಅಲ್ಲಿಗೆ 160 ಗಿಡ. 1000 ತುರುಕಿದರೆ ಒಂದಕ್ಕೊಂದು ನೀರಿಗೆ ಕಿತ್ತಾಡಿ, ಐದನೇ ವರ್ಷಕ್ಕೆ ನೀವೇ ಮುಕ್ಕಾಲು ಪಾಲು ಕಡಿಯಬೇಕಾಗುತ್ತೆ.

ಎರಡನೇದು ಜೂನ್ 5. ಮಲೆನಾಡಿನ ದಿನಾಂಕ ಅದು, ಶಿರಾಕ್ಕಲ್ಲ. ನಿಮ್ಮ ಕಡೆ ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಆಷಾಢದ ಗಾಳಿ ಶುರುವಾಗುತ್ತೆ. ಮೋಡ ಇರುತ್ತೆ, ಮಳೆ ಇರಲ್ಲ, ಗಾಳಿ ಎಲೆಯ ತೇವವನ್ನೆಲ್ಲ ಹೀರುತ್ತೆ. ಪರಿಸರ ದಿನದ ಫೋಟೋದಲ್ಲಿರುವ ಸಸಿಗಳು ಜುಲೈ ಹೊತ್ತಿಗೆ ಕಡ್ಡಿಯಾಗೋದು ಇದೇ ಕಾರಣಕ್ಕೆ. ಅಲ್ಲಿ ಹೆಚ್ಚು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಪುಷ್ಯ, ಆಶ್ಲೇಷ ಮಳೆಯಲ್ಲಿ (ಜುಲೈ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ) ನೆಲ ಒಂದು ಅಡಿ ನೆನೆದಾಗ ನೆಡಿ, ತಡವಾದರೆ ಮಘೆಯವರೆಗೂ ಕಾಯಿರಿ. ಆಗ ಉತ್ತರೆ, ಹಸ್ತ, ಚಿತ್ತೆ ಮುಂದಿರುತ್ತವೆ. ಜೂನ್ 5ಕ್ಕೆ ಸಮಾರಂಭ ಬೇಕೇ ಬೇಕು ಅಂದರೆ ಅವತ್ತು ಗುಂಡಿಗಳ ಪೂಜೆ ಮಾಡಿ.

ಗುಂಡಿ 2 ಅಡಿ ಉದ್ದ, ಅಗಲ, ಆಳ. ಏಪ್ರಿಲ್ ಒಳಗೆ ತೋಡಿ ಬಿಸಿಲಿಗೆ ಬಿಡಿ. ಮೇಲಿನ ಅರ್ಧ ಅಡಿ ಮಣ್ಣು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ. ತುಂಬುವಾಗ ಮೇಲ್ಮಣ್ಣಿಗೆ 10 ಕೆ.ಜಿ. ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ, ಕಾಲು ಕೆ.ಜಿ. ಬೇವಿನ ಹಿಂಡಿ ಬೆರೆಸಿ. ಹಸಿ ಗೊಬ್ಬರ ಹಾಕಿದರೆ ಗೆದ್ದಲನ್ನು ಊಟಕ್ಕೆ ಕರೆದ ಹಾಗೆ.

ಸಸಿ 8×12 ಇಂಚಿನ ಚೀಲದ್ದು, ಎತ್ತರ 3 ಅಡಿಗೆ ಕಡಿಮೆ ಬೇಡ. ನರ್ಸರಿಯಲ್ಲಿ ಎತ್ತರ ನೋಡಿ ಮರುಳಾಗಬೇಡಿ, ಚೀಲ ತಿರುಗಿಸಿ ತಳ ನೋಡಿ. ತಾಯಿಬೇರು ತಳದಲ್ಲಿ ಸಿಂಬಿ ಸುತ್ತಿದ್ದರೆ ಆ ಗಿಡ ಮೂರ್ನಾಲ್ಕು ವರ್ಷ ಚೆನ್ನಾಗಿದ್ದು ಆಮೇಲೆ ಗಾಳಿಗೆ ಬುಡಮೇಲಾಗುತ್ತೆ. ಸ್ವಲ್ಪವೇ ಸುತ್ತಿದ್ದರೆ ನೆಡುವಾಗ ತಳದ ಒಂದು ಇಂಚನ್ನು ಬ್ಲೇಡಿನಿಂದ ಕತ್ತರಿಸಿ. ಚೀಲವನ್ನು ಪೂರ್ತಿ ತೆಗೆಯಿರಿ. ಹೇಳಬೇಕಾದ ಮಾತೇ ಅಲ್ಲ ಅನ್ನಿಸಬಹುದು, ಆದರೆ ಸಾಮೂಹಿಕವಾಗಿ ನೆಟ್ಟ ಕಡೆ ಸತ್ತ ಗಿಡ ಕಿತ್ತು ನೋಡಿದರೆ ಎಷ್ಟೋ ಗಿಡ ಚೀಲದ ಸಮೇತ ಬರುತ್ತವೆ. ಚೀಲದಲ್ಲಿ ಮಣ್ಣು ಎಲ್ಲಿಯವರೆಗೆ ಇತ್ತೋ ಗುಂಡಿಯಲ್ಲೂ ಅಲ್ಲಿಯವರೆಗೇ. ಕಾಂಡ ಹೂತರೆ ಕೊಳೆಯುತ್ತೆ.

ಜಾತಿ: ಹುಣಸೆ, ಹೊಂಗೆ, ಬೇವು, ಇಪ್ಪೆ, ಕಮರ. ನೀರು ನಿಲ್ಲುವ ತಗ್ಗಿದ್ದರೆ ನೇರಳೆ. ಅಂಚಿಗೆ ನಾಲ್ಕೈದು ಅತ್ತಿ, ಬಸರಿ. ಇಪ್ಪೆ ಸಸಿ ನರ್ಸರಿಗಳಲ್ಲಿ ಸಿಗೋದು ಕಷ್ಟ. ನಿಮ್ಮ ಎರಡು ಮರದ ಕೆಳಗೆ ಹಣ್ಣು ಉದುರಿದ ಕೂಡಲೇ ಬೀಜ ಆರಿಸಿ ಅದೇ ವಾರ ಚೀಲಕ್ಕೆ ಹಾಕಿ, ಇಟ್ಟಷ್ಟೂ ಮೊಳೆಯುವ ಶಕ್ತಿ ಇಳಿಯುತ್ತೆ. ಬೇವು, ನೇರಳೆಯೂ ಹಾಗೇ. ಸಿಲ್ವರ್ ಓಕ್, ಅಕೇಶಿಯಾ ಪುಕ್ಕಟೆ ಕೊಟ್ಟರೂ ಬೇಡ.

ಇನ್ನು ಹಣ. ಗುಂಡಿ ದಿನಕ್ಕೆ ಆಳಿಗೆ 8 ಅಂದರೆ 20 ಆಳು, ಕೂಲಿ 500 ಹಿಡಿದರೆ 10,000. ಸಸಿ (160, ಮೇಲೆ 32 ಹೆಚ್ಚುವರಿ), ಗೊಬ್ಬರ, ಸಾಗಾಟಕ್ಕೆ 12,000. ಬೇಲಿಗೆ 15,000. ನೀರು: ವಾರಕ್ಕೆ ಗಿಡಕ್ಕೆ 20 ಲೀಟರ್, ಒಟ್ಟು 3,200, ಅಂದರೆ 4,000 ಲೀಟರಿನ ಒಂದು ಟ್ಯಾಂಕರ್. ಡಿಸೆಂಬರಿನಿಂದ ಮೇವರೆಗೆ ಮೊದಲ ವರ್ಷ ವಾರಕ್ಕೊಂದು, ಎರಡನೇ ವರ್ಷ ಹದಿನೈದು ದಿನಕ್ಕೊಂದು, ಮೂರನೇ ವರ್ಷ ತಿಂಗಳಿಗೊಂದು: 24, 12, 6, ಒಟ್ಟು 42 ಟ್ಯಾಂಕರ್. 700ರಂತೆ 29,400. ಊರಿನವರೇ ಒಬ್ಬರಿಗೆ ದಿನಕ್ಕೊಂದು ಸುತ್ತು ನೋಡಿಕೊಳ್ಳೋಕೆ ತಿಂಗಳಿಗೆ 1,500, ಮೂರು ವರ್ಷಕ್ಕೆ 54,000. ಸತ್ತ ಜಾಗಕ್ಕೆ ಮರುನಾಟಿ 5,000. ಒಟ್ಟು 1,25,400. ದರಗಳನ್ನು ನಿಮ್ಮೂರಿನದಕ್ಕೆ ಬದಲಿಸಿಕೊಳ್ಳಿ, ಲೆಕ್ಕದ ಕ್ರಮ ಇದೇ.

ಗಿಡಕ್ಕೆ ಬೀಳೋದು ಸುಮಾರು 785 ರೂಪಾಯಿ. "50 ರೂಪಾಯಿಗೆ ಒಂದು ಗಿಡ" ಅಂತ ದಾನಿಗಳಿಗೆ ಹೇಳುವವರು ಚೀಲದ ಸಸಿಯ ಬೆಲೆ ಹೇಳ್ತಿರ್ತಾರೆ, ಮರದ್ದಲ್ಲ. ಸಾಲುಮರದ ತಿಮ್ಮಕ್ಕನವರ ಫೋಟೋ ಹಾಕಿ ಸಸಿ ನೆಡುವವರಿಗೂ ಆಕೆ ಬಿಂದಿಗೆಯಲ್ಲಿ ನೀರು ಹೊತ್ತದ್ದು ನೆನಪಿರಲ್ಲ.

ಜಮಾಖರ್ಚು

ನಿಮ್ಮ ಯುಪಿಐಗೆ ಹಣ ತರಿಸಬೇಡಿ. ಪ್ರಾಮಾಣಿಕತೆಯ ಪ್ರಶ್ನೆ ಅಲ್ಲ. ಸ್ವಂತ ಖಾತೆಗೆ ಬಂದ ದೇಣಿಗೆ ಹಾಸ್ಟೆಲ್ ಫೀಸಿನ ಜೊತೆ ಬೆರೆತು, ಆರು ತಿಂಗಳಾದ ಮೇಲೆ ಯಾವುದು ಯಾರದ್ದು ಅಂತ ತೋರಿಸೋಕೆ ನಿಮಗೇ ಆಗಲ್ಲ. ಊರಲ್ಲಿ ಒಬ್ಬ ಕೇಳಿದರೆ ಸಾಕು, ಕೆಲಸ ನಿಲ್ಲುತ್ತೆ.

ಒಂದೂವರೆ ಲಕ್ಷಕ್ಕೆ ಹೊಸ ಟ್ರಸ್ಟ್ ಮಾಡೋದೂ ದಂಡ. ಟ್ರಸ್ಟ್ ಡೀಡ್ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಬೇಕು, ಪ್ಯಾನ್ ತೆಗೆಸಬೇಕು, ಆದಾಯ ತೆರಿಗೆಯಲ್ಲಿ ಬೇರೆ ನೋಂದಣಿ ಆಗಬೇಕು, ವರ್ಷವರ್ಷ ರಿಟರ್ನ್. ಸೊಸೈಟಿಯಾದರೆ ಕರ್ನಾಟಕದ 1960ರ ಕಾಯ್ದೆ ಪ್ರಕಾರ ಕನಿಷ್ಠ 7 ಜನ ಸದಸ್ಯರು, ಪ್ರತಿ ವರ್ಷ ಲೆಕ್ಕಪತ್ರ ಸಲ್ಲಿಕೆ. ನೀವು ಡಿಗ್ರಿ ಮುಗಿಸಿ ಹೋದ ಮೇಲೆ ಇದನ್ನೆಲ್ಲ ಯಾರು ಮಾಡ್ತಾರೆ? ಮೂರು ವರ್ಷಕ್ಕಿಂತ ಹೆಚ್ಚು ನಡೆಸುವ ಇರಾದೆ ಇದ್ದರೆ ಮಾತ್ರ ಆ ದಾರಿ.

ಸುಲಭದ್ದು: ಜಿಲ್ಲೆಯಲ್ಲಿ ಈಗಾಗಲೇ 80ಜಿ ಮಾನ್ಯತೆ (ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವಂಥದ್ದು) ಇರುವ ಒಂದು ಟ್ರಸ್ಟ್ ಹುಡುಕಿ, ಅವರ ಖಾತೆಯಲ್ಲಿ ಈ ಕೆಲಸಕ್ಕೇ ಪ್ರತ್ಯೇಕ ಲೆಡ್ಜರ್ ಇಡಿಸಿ. ಒಂದು ಪುಟದ ಒಪ್ಪಂದ ಸಾಕು. ಅದರಲ್ಲಿ ನಾಲ್ಕು ಮಾತು ಇರಲೇಬೇಕು: ಹಣ ಈ ತೋಪಿಗೆ ಮಾತ್ರ, ಆಡಳಿತ ವೆಚ್ಚ ಅಂತ ಎಷ್ಟು ಮುರಿಯುತ್ತಾರೆ, ಬಿಲ್ ಕೊಟ್ಟ ಎಷ್ಟು ದಿನದಲ್ಲಿ ಪಾವತಿ, ಉಳಿಕೆ ಏನಾಗುತ್ತೆ. ಮೂರನೇದನ್ನು ಬರೆಸದೇ ಹೋದರೆ ಏಪ್ರಿಲಿನಲ್ಲಿ ಟ್ಯಾಂಕರಿನವನು ಬಾಕಿ ಕೊಡದೆ ಬರಲ್ಲ ಅಂತಾನೆ, ಟ್ರಸ್ಟಿನವರು ಸಭೆ ಆಗಲಿ ಅಂತಾರೆ.

ದಾನಿಗಳಿಗೆ ತೆರಿಗೆ ರಿಯಾಯಿತಿ ಅಂತ ಹೇಳುವ ಮುಂಚೆ ಇದನ್ನು ತಿಳಿದಿರಿ. 2,000 ರೂಪಾಯಿ ಮೀರಿದ ನಗದಿಗೆ ರಿಯಾಯಿತಿ ಇಲ್ಲ. ಸಸಿ, ಗೊಬ್ಬರ, ಟ್ಯಾಂಕರ್ ನೀರು ಹೀಗೆ ವಸ್ತುರೂಪದಲ್ಲಿ ಕೊಟ್ಟರೆ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಇಲ್ಲವೇ ಇಲ್ಲ, ಸಂಬಳದಾರರಲ್ಲಿ ಈಗ ಬಹಳ ಜನ ಅದರಲ್ಲೇ ಇದ್ದಾರೆ. ಸಿಗುವವರಿಗೂ ಸಾಮಾನ್ಯವಾಗಿ ಕೊಟ್ಟದ್ದರ ಅರ್ಧಕ್ಕೆ ಮಾತ್ರ. ಹಾಗಾಗಿ ತೆರಿಗೆಯನ್ನೇ ಮುಂದಿಟ್ಟು ಹಣ ಕೇಳಬೇಡಿ, ಆಮೇಲೆ ಮಾತು ಕೇಳಬೇಕಾಗುತ್ತೆ.

ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣ ನಿಮ್ಮಂಥ ಗುಂಪಿಗೆ ನೇರ ಬರಲ್ಲ. ಸಿಎಸ್‌ಆರ್-1 ನೋಂದಣಿ ಇರುವ ಸಂಸ್ಥೆ ಬೇಕು, ಅದಕ್ಕೆ ಇಂಥ ಕೆಲಸದಲ್ಲಿ ಮೂರು ವರ್ಷದ ಅನುಭವವೂ ಇರಬೇಕು. ಸದ್ಯಕ್ಕೆ ಮರೆತುಬಿಡಿ.

ರಸೀದಿ ಪುಸ್ತಕಕ್ಕೆ ಅಚ್ಚಾದ ಕ್ರಮಸಂಖ್ಯೆ ಇರಲಿ, ಹಾಳಾದ ಹಾಳೆಯನ್ನೂ ಹರಿಯದೆ ಗೀಟು ಎಳೆದು ಇಟ್ಟುಕೊಳ್ಳಿ. ಪ್ರತಿ ಖರ್ಚಿಗೆ ಇಬ್ಬರ ಸಹಿ, ಒಂದು ಊರಿನವರದ್ದು. ತಿಂಗಳ ಜಮಾಖರ್ಚನ್ನು ಒಂದೇ ಹಾಳೆಯಲ್ಲಿ ಪಂಚಾಯ್ತಿ ಬೋರ್ಡಿಗೆ ಅಂಟಿಸಿ. ವಾಟ್ಸಾಪಿನಲ್ಲಿ ಹಾಕಿದ ಲೆಕ್ಕ ಓದುವವರು ಕಡಿಮೆ. ಗೋಡೆ ಮೇಲಿನದನ್ನು ಅಕ್ಷರ ಬಾರದವರೂ ಇನ್ನೊಬ್ಬರಿಂದ ಓದಿಸಿ ಕೇಳ್ತಾರೆ.

ಶಿಬಿರದಮೇಷ್ಟ್ರು

ಮೂರನೇ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲ.

ತರಬೇತಿಗಳಲ್ಲಿ ಹೇಳಿಕೊಡೋದು ಮಾತು, ಆಟ, ಚಾರ್ಟು. ನಿಮಗೀಗ ಬೇಕಿರೋದು ಕೆಲಸ ಹಂಚಿ, ಹಂಚಿದ ಮೇಲೆ ಕೈ ಹಿಂದೆ ತೆಗೆದುಕೊಳ್ಳುವ ಅಭ್ಯಾಸ. ವಿದ್ಯಾರ್ಥಿಗಳ ಯೋಜನೆ ಸಾಯೋದು ಒಂದೇ ತಿಂಗಳಲ್ಲಿ: ಪರೀಕ್ಷೆಯ ತಿಂಗಳು. ಸೆಮಿಸ್ಟರ್ ಪರೀಕ್ಷೆಯೂ ಬಿರುಬೇಸಿಗೆಯೂ ಒಟ್ಟಿಗೆ ಬಂದಾಗ, ನೀರಿನ ಉಸ್ತುವಾರಿ ನಾಯಕಿಯ ಫೋನಿನಲ್ಲಿ ಮಾತ್ರ ಇದ್ದರೆ ಮೂರು ವಾರ ಟ್ಯಾಂಕರ್ ಬರಲ್ಲ. ಮೊದಲ ಬೇಸಿಗೆಯಲ್ಲಿ ಗಿಡ ಸಾಯೋಕೆ ಮೂರು ವಾರ ಸಾಕು.

ನಾಲ್ಕು ಹೊಣೆ ಮಾಡಿ: ಲೆಕ್ಕ, ನೀರು, ಎಣಿಕೆ, ಊರಿನ ಜೊತೆ ಮಾತುಕತೆ. ಪ್ರತಿಯೊಂದಕ್ಕೂ ಒಬ್ಬರು, ಅವರ ಬೆನ್ನಿಗೆ ಮೊದಲ ವರ್ಷದ ಒಬ್ಬ ವಿದ್ಯಾರ್ಥಿ. ನಿಮ್ಮ ಬಳಿ ಈ ನಾಲ್ಕರಲ್ಲಿ ಯಾವುದೂ ಇರಬಾರದು. ನಾಯಕಿಯೇ ಲೆಕ್ಕ ಹಿಡಿದರೆ ಪ್ರಶ್ನೆ ಕೇಳುವವರು ಇರಲ್ಲ; ನಾಯಕಿಯೇ ನೀರು ಹೊತ್ತರೆ ಫೋಟೋ ಚೆನ್ನಾಗಿ ಬರುತ್ತೆ, ಉಳಿದವರು ಮನೆಗೆ ಹೋಗ್ತಾರೆ. ಹದಿನೈದು ದಿನಕ್ಕೊಂದು 40 ನಿಮಿಷದ ಸಭೆ. ಹಿಂದಿನ ಸಭೆಯಲ್ಲಿ ಒಪ್ಪಿದ್ದೇನು, ಆಗಿದ್ದೇನು, ಆಗದಿದ್ದರೆ ಯಾಕೆ. ನಡಾವಳಿ ಪುಸ್ತಕದಲ್ಲಿ "ಆದಷ್ಟು ಬೇಗ" ಅನ್ನುವ ಪದ ಬರೆಯೋಕೆ ಬಿಡಬೇಡಿ. ದಿನಾಂಕ ಮತ್ತು ಹೆಸರು ಇರಬೇಕು.

ಎನ್‌ಎಸ್‌ಎಸ್‌ನಲ್ಲಿ ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240, ಜೊತೆಗೆ 7 ದಿನದ ವಿಶೇಷ ಶಿಬಿರ. ಆ ಶಿಬಿರವನ್ನು ನಾಟಿಗೆ ಖರ್ಚು ಮಾಡಬೇಡಿ, ನಾಟಿ ಒಂದೇ ದಿನದ ಕೆಲಸ. ಬೇಸಿಗೆಗೆ ಮುಂಚಿನ ಶಿಬಿರವಾದರೆ ಗುಂಡಿ ತೋಡಿ. 50 ಜನರಿದ್ದರೆ ತಲೆಗೆ ಮೂರು ಗುಂಡಿ ಬರುತ್ತೆ, ಕೆಂಪುಮಣ್ಣು ಅವರು ಹಾಕಿದ 10,000 ಉಳಿಯುತ್ತೆ. ಹಿಂದಿನ ಸಂಜೆ ಗುರುತು ಹಾಕಿದ ಜಾಗಕ್ಕೆ ಒಂದೊಂದು ಬಿಂದಿಗೆ ನೀರು ಸುರಿದಿಡಿ, ಇಲ್ಲದಿದ್ದರೆ ಗಟ್ಟಿ ನೆಲಕ್ಕೆ ಹಾರೆ ಇಳಿಯದೆ ಮಧ್ಯಾಹ್ನದೊಳಗೆ ಅಂಗೈ ಬೊಬ್ಬೆ ಬರುತ್ತೆ. ಉಳಿದ ದಿನ ತೋಪಿನ ನಕ್ಷೆ, ಹಳೇ ಮರಗಳ ಸುತ್ತಳತೆ (ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಟೇಪು ಸುತ್ತಿ), ಊರಿನ ಹಿರಿಯರ ಬಳಿ ಯಾವ ಮರ ಎಲ್ಲಿತ್ತು ಅನ್ನುವ ದಾಖಲೆ.

ಎಣಿಕೆಯೇ ನಿಜವಾದ ತರಬೇತಿ. ಪ್ರತಿ ಗಿಡದ ಪಕ್ಕ ನಂಬರ್ ಬರೆದ ಕಲ್ಲು, ಮರಕ್ಕೆ ಮೊಳೆ ಬೇಡ. ಮೂರು ತಿಂಗಳಿಗೊಮ್ಮೆ ನಂಬರ್, ಜಾತಿ, ಎತ್ತರ, ಬದುಕಿದೆ/ಸತ್ತಿದೆ/ಬುಡದಿಂದ ಚಿಗುರಿದೆ, ಕಾರಣ. ಒಣಗಿದ್ದು ಅಂತ ಬರೆದು ಮುಗಿಸಬೇಡಿ: ಉಗುರಲ್ಲಿ ತೊಗಟೆ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಅದು ಸತ್ತಿಲ್ಲ, ಹುಣಸೆಯಲ್ಲಿ ಇದು ಮಾಮೂಲು. ನಾಲ್ಕು ಮೂಲೆಯ ಕಲ್ಲಿನ ಮೇಲೆ ನಿಂತು ಪ್ರತಿಸಲ ಅದೇ ದಿಕ್ಕಿಗೆ ಫೋಟೋ. ದಾನಿಗಳಿಗೆ ಹೋಗುವ ವರದಿಯ ಮೊದಲ ಸಾಲಿನಲ್ಲೇ ಸತ್ತ ಗಿಡಗಳ ಸಂಖ್ಯೆ, ಕಾರಣ ಬರೆಯಿರಿ. ಹಣವನ್ನೂ ಒಂದೇ ಗಂಟಲ್ಲಿ ಕೇಳದೆ ಮೂರು ಕಂತಿನಲ್ಲಿ ಕೇಳಿ, ಎರಡು ಮತ್ತು ಮೂರನೇ ಕಂತು ಎಣಿಕೆ ಹಾಳೆ ತೋರಿಸಿದ ಮೇಲೆ. ಇದನ್ನು ಮಾಡಿದ ಹುಡುಗರು ಸಂದರ್ಶನದಲ್ಲಿ "ನಾಯಕತ್ವ ಗುಣ" ಅಂತ ವರ್ಣಿಸುತ್ತ ಕೂರಲ್ಲ, ಹಾಳೆ ತೆಗೆದು ಮೇಜಿನ ಮೇಲಿಡ್ತಾರೆ.

ಇನ್ನಷ್ಟು ಕಲಿಯಬೇಕಿದ್ದರೆ ಸರ್ಟಿಫಿಕೇಟ್ ಕೋರ್ಸಿಗಿಂತ, ಜನರೇ ಮರಗಳ ಋತು ಬದಲಾವಣೆ ದಾಖಲಿಸುವ ಸೀಸನ್‌ವಾಚ್‌ನಲ್ಲಿ ತೋಪಿನ ಎರಡು ಮರ ನೋಂದಾಯಿಸಿ ವಾರಕ್ಕೊಮ್ಮೆ ಚಿಗುರು, ಹೂ, ಕಾಯಿ ದಾಖಲಿಸಿ. ಹಕ್ಕಿಗಳನ್ನು ದಾಖಲಿಸೋಕೆ ಇ-ಬರ್ಡ್ ಇದೆ.

ಪಂಚಾಯ್ತಿಕಟ್ಟೆ

ಎಲ್ಲರೂ ಹಣ, ಗಿಡ ಅಂತಿದ್ದೀರಿ. ಜಾಗ ಯಾರದು?

ಗುಂಡುತೋಪು ಸರ್ಕಾರಿ ಜಾಗ. ಮೊದಲು ಪಹಣಿ ತೆಗೆಸಿ, ಅದರಲ್ಲಿ ಗುಂಡುತೋಪು ಅಂತ ನಮೂದಿದೆಯಾ, ವಿಸ್ತೀರ್ಣ 2-10 ಇದೆಯಾ ನೋಡಿ. ಆಮೇಲೆ ಹದ್ದುಬಸ್ತು ಅಳತೆ (ಗಡಿ ಗುರುತಿಸೋದು), ಅದಕ್ಕೆ ಪಂಚಾಯ್ತಿಯಿಂದಲೇ ಅರ್ಜಿ ಹಾಕಿಸಿ. ಪಹಣಿಯಲ್ಲಿ 2-10 ಇದ್ದು ನೆಲದ ಮೇಲೆ 1-30 ಇರುವ ತೋಪುಗಳಿಗೆ ಬರವಿಲ್ಲ. ಅಳತೆಗೆ ಮುಂಚೆ ಅಂಚಿನಲ್ಲಿ ಗಿಡ ನೆಟ್ಟರೆ ಪಕ್ಕದ ಜಮೀನಿನವರ ಜೊತೆ ಜಗಳ ನಿಮ್ಮ ತಲೆಗೆ ಬರುತ್ತೆ. ಒತ್ತುವರಿ ಕಂಡರೆ ನೀವು ಬಾಯಿ ಹಾಕಬೇಡಿ, ಅದು ತಹಶೀಲ್ದಾರರ ಕೆಲಸ. ಒತ್ತುವರಿ ಇಲ್ಲದ ಭಾಗದಲ್ಲಿ ಶುರು ಮಾಡಿ.

ಗ್ರಾಮಸಭೆಯಲ್ಲಿ ವಿಷಯ ಮಂಡಿಸಿ ಪಂಚಾಯ್ತಿ ನಿರ್ಣಯದ ನಕಲು ಇಟ್ಟುಕೊಳ್ಳಿ. ಪಿಡಿಒ ಬಾಯಿಮಾತಿನ ಒಪ್ಪಿಗೆ ಅವರ ವರ್ಗಾವಣೆಯ ಜೊತೆಗೇ ಹೋಗುತ್ತೆ. ಪ್ರತಿ ಪಂಚಾಯ್ತಿಯಲ್ಲೂ 2002ರ ಜೀವವೈವಿಧ್ಯ ಕಾಯ್ದೆಯಂತೆ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಬಹಳ ಕಡೆ ಕಾಗದದ ಮೇಲಷ್ಟೇ ಇರುತ್ತೆ. ಅದನ್ನು ಎಬ್ಬಿಸಿ, ತೋಪಿನ ಮರಗಳನ್ನು ಜನತಾ ಜೀವವೈವಿಧ್ಯ ದಾಖಲಾತಿಗೆ ಸೇರಿಸಿ. ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಆಗಿದ್ದು ಇದೇ ಕಾಯ್ದೆಯಡಿ.

ಗುಂಡಿ, ಕಂದಕದಂಥ ಕೆಲಸವನ್ನು ಉದ್ಯೋಗ ಖಾತ್ರಿ ಕ್ರಿಯಾಯೋಜನೆಗೆ ಸೇರಿಸೋಕೆ ಕೇಳಿ. ದಾನಿಗಳ ಹಣ ಸರ್ಕಾರದ ಹಣ ಬಾರದ ಕಡೆಗೆ ಹೋಗಬೇಕು, ಅಂದರೆ ಎರಡು, ಮೂರನೇ ಬೇಸಿಗೆಯ ನೀರು ಮತ್ತು ಕಾವಲು. ಇನ್ನೊಂದು: ಹಳೇ ಹುಣಸೆ ಮರಗಳ ಫಸಲನ್ನು ಪಂಚಾಯ್ತಿ ಹರಾಜು ಹಾಕುತ್ತಿದ್ದರೆ, ಆ ಹಣದಲ್ಲಿ ಒಂದು ಪಾಲು ತೋಪಿಗೇ ಅಂತ ಅದೇ ನಿರ್ಣಯದಲ್ಲಿ ಬರೆಸಿ. ನೀವು ಊರು ಬಿಟ್ಟ ಮೇಲೂ ಬರುವ ಹಣ ಅದೊಂದೇ.

ತೋಪಿನಹುಡುಗಿ

ಎಲ್ಲ ಬರೆದುಕೊಂಡೆ. 160 ಗಿಡಕ್ಕೆ ಇಳಿಸಿದ್ದೀವಿ, ನಾಟಿ ಆಶ್ಲೇಷ ಮಳೆಗೆ. ಎರಡು ಅನುಮಾನ. ಚಿಕ್ಕಪ್ಪ ಅಮೆರಿಕದ ಪೌರತ್ವ ತಗೊಂಡಿದ್ದಾರೆ, ಒಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡೋದು) ಇದೆ, ತೊಂದರೆ ಇದೆಯಾ? ಮತ್ತೆ, ಬೇಲಿಗೆ 15,000 ಹೇಗೆ ಸಾಕು? ಕುರಿಯವರು ತೋಪಿನೊಳಗೇ ಹಾದು ಕೆರೆಗೆ ಹೋಗೋದು, ಬೇಲಿ ಅಂದ ಕೂಡಲೇ ಗಲಾಟೆ ಶುರುವಾಗಿದೆ.

ಜಮಾಖರ್ಚು

ತೊಂದರೆ ಇದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ಅನಿವಾಸಿ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಒಸಿಐ ಕಾರ್ಡಿನವರು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಕಣ್ಣಲ್ಲಿ ವಿದೇಶಿ ಮೂಲವೇ. ನಿಮ್ಮ ಜೊತೆಗಾರ ಟ್ರಸ್ಟಿಗೆ ಆ ನೋಂದಣಿ ಇದ್ದು, ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಅವರ ಖಾತೆಗೇ ಹಣ ಬಂದರೆ ಸರಿ. ಅದನ್ನು ಅವರೇ ಖರ್ಚು ಮಾಡಬೇಕು. 2020ರ ತಿದ್ದುಪಡಿಯ ನಂತರ ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗಿಲ್ಲ. ಚಿಕ್ಕಪ್ಪ ನಿಮ್ಮ ಅಪ್ಪನ ಖಾತೆಗೆ ಕಳಿಸಿ ಅಪ್ಪ ಟ್ರಸ್ಟಿಗೆ ಕೊಡೋದು ಅಂತ ಯಾರಾದರೂ ಉಪಾಯ ಹೇಳ್ತಾರೆ. ಸಂಬಂಧಿಕರ ನಡುವಿನ ವಿನಾಯಿತಿ ಮನೆಯ ಅಗತ್ಯಕ್ಕೆ ಇರೋದು, ದೇಣಿಗೆಗೆ ಅಡ್ಡದಾರಿ ಮಾಡೋಕಲ್ಲ. ನೋಂದಣಿ ಇರುವ ಟ್ರಸ್ಟ್ ಸಿಗದಿದ್ದರೆ ಅವರ ಹಣ ಬಿಟ್ಟುಬಿಡಿ.

ಕೆಂಪುಮಣ್ಣು

ತೋಪು ಚೌಕ ಅಂದುಕೊಂಡರೂ ಸುತ್ತಳತೆ 380 ಮೀಟರ್ ದಾಟುತ್ತೆ. ತಂತಿ ಜಾಲರಿಗೆ ಮೀಟರಿಗೆ 350 ಹಿಡಿದರೆ 1,33,000ಕ್ಕೂ ಮೇಲೆ, ಇಡೀ ಯೋಜನೆಯೇ ಬೇಲಿಯಾಗುತ್ತೆ. ಬೇಲಿಗೆ ಲಕ್ಕಿ ಗಿಡ ನೆಡಿ. ಹೆಬ್ಬೆರಳು ದಪ್ಪದ ಒಂದಡಿ ತುಂಡು, ಅಡಿಗೊಂದರಂತೆ ಎರಡು ಸಾಲು, ಸುಮಾರು ಎರಡೂವರೆ ಸಾವಿರ ತುಂಡು. ಕೆರೆ ಅಂಚಲ್ಲಿ, ಹಳ್ಳದ ದಂಡೆಯಲ್ಲಿ ಪುಕ್ಕಟೆ ಸಿಗುತ್ತೆ, ಮೇಕೆ ಬಾಯಿ ಹಾಕಲ್ಲ. ಗ್ಲಿರಿಸಿಡಿಯಾ ಬೇಡ, ಅದು ಮೇವು. ಲಕ್ಕಿ ಏಳೋವರೆಗೆ ಪ್ರತಿ ಗಿಡದ ಸುತ್ತ ಜಾಲಿ ಮುಳ್ಳು, ಬುಡದಿಂದ ಒಂದೂವರೆ ಅಡಿ ದೂರಕ್ಕೆ. ಹತ್ತಿರ ಒತ್ತಿದರೆ ಗಾಳಿಗೆ ಮುಳ್ಳೇ ತೊಗಟೆ ಸುಲಿಯುತ್ತೆ. 15,000 ಮುಳ್ಳು, ಕೂಲಿಗೆ.

ಕುರಿಯವರ ದಾರಿ ಮುಚ್ಚಬೇಡಿ. ತೋಪಿನ ಒಂದು ಬದಿಗೆ 15 ಅಡಿ ಅಗಲದ ದಾರಿ ಬಿಟ್ಟು ಎರಡೂ ಕಡೆ ಲಕ್ಕಿ ನೆಡಿ. ಒಂದು ಸಾಲು, ಎಂಟ್ಹತ್ತು ಗುಂಡಿ ಹೋಗುತ್ತೆ, ಹೋಗಲಿ. ದಾರಿಯ ಗೆರೆ ಹಾಕುವ ದಿನ ಅವರನ್ನೇ ಮುಂದೆ ನಡೆಸಿ, ಕುರಿ ಎಲ್ಲಿ ತಿರುಗುತ್ತೆ ಅಂತ ಅವರಿಗೆ ಗೊತ್ತು. ತಿಂಗಳಿಗೆ 1,500ರ ಕಾವಲನ್ನೂ ಅವರ ಮನೆಯವರಿಗೇ ಕೊಟ್ಟು ನೋಡಿ. ಫೆಬ್ರವರಿಗೆ ಮುಂಚೆ ಸುತ್ತ 10 ಅಡಿ ಹುಲ್ಲು ಕೆತ್ತಿಸೋದು ಮರೆಯಬೇಡಿ. ಬೀಡಿ ತುಂಡೊಂದು ಸಾಕು ತೋಪು ಹೊತ್ತಿಕೊಳ್ಳೋಕೆ.

ಶಿಬಿರದಮೇಷ್ಟ್ರು

ಕುರಿಯವರ ಹತ್ತಿರ ಮಾತಾಡೋಕೆ ಮಾತ್ರ ನಾಲ್ಕು ಜನರಲ್ಲಿ ಯಾರನ್ನೂ ಕಳಿಸಬೇಡಿ, ನೀವೇ ಹೋಗಿ, ಕಾಗದ ಇಲ್ಲದೆ.

ಇನ್ನೊಂದು ಮಾತು. ಸ್ವಚ್ಛತೆ ಅಂತ ಹಳೇ ಮರಗಳ ಬಳ್ಳಿ, ಒಣಕೊಂಬೆ ಕಡಿಸಬೇಡಿ. ತುಮಕೂರಿನ ನಾಗವಲ್ಲಿ ಸುತ್ತಮುತ್ತ ಕಾಡುಪಾಪ (ರಾತ್ರಿ ಓಡಾಡುವ ಪುಟ್ಟ ಪ್ರಾಣಿ) ಬದುಕಿರೋದು ಇಂಥ ತೋಪು, ಬೇಲಿಸಾಲುಗಳಲ್ಲೇ. ಅದು ನೆಗೆಯಲ್ಲ, ಕೊಂಬೆಯಿಂದ ಕೊಂಬೆಗೆ ಕೈ ಚಾಚಿ ದಾಟುತ್ತೆ, ಬಳ್ಳಿ ಅದಕ್ಕೆ ಸೇತುವೆ. ನಿಮ್ಮ ತೋಪಲ್ಲಿದೆಯಾ ಅಂತ ರಾತ್ರಿ ಕೆಂಪು ಕಾಗದ ಕಟ್ಟಿದ ಟಾರ್ಚಿನಲ್ಲಿ ಒಮ್ಮೆ ನೋಡಿ. ಕಣ್ಣು ಹೊಳೆದರೂ ಎಲ್ಲಿ ಅಂತ ವಾಟ್ಸಾಪಿನಲ್ಲಿ ಹಾಕಬೇಡಿ, ಹಿಡಿಯುವವರಿದ್ದಾರೆ. ಅರಣ್ಯ ಇಲಾಖೆಯ ವಲಯ ಕಚೇರಿಗೆ ಮಾತ್ರ ತಿಳಿಸಿ.